ಪೂರ್ವಿಕರ ನೆಲದಲ್ಲಿ ಚಿಕ್ಕನರಗುಂದದ ಯುವಕ

"ನಿಮ್ಮ ಮೂಲ ಯಾವುದು?" ಎಂದು ಕರಾವಳಿ ಮೂಲದ ಯಾವುದೇ ಕೊಂಕಣಿ ಕ್ರೈಸ್ತ ಕುಟುಂಬವನ್ನು ಕೇಳಿರಿ, "ಗೋವೆ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. "ಗೋವೆಯಲ್ಲಿ ಎಲ್ಲಿ?" ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಬಹುತೇಕರು ಮೌನ ತಾಳುತ್ತಾರೆ. ಮೂರು ಶತಮಾನಗಳಿಗೂ ಮಿಕ್ಕ ಅಂತರ ಆ ಮೌನದಲ್ಲಿ ಅಡಗಿದೆ. ಅದನ್ನು ದಾಟಲು ಹೊರಟ ಯುವಕನೊಬ್ಬನ ಮೊದಲ ಯಾತ್ರೆಯ ಕಥೆಯನ್ನು ಓದುಗರ ಮುಂದಿಡುವುದು ಈ ವಾರದ ಉದ್ದೇಶ.

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ನಡೆಯಿತು. ಹತ್ತು ವರ್ಷಗಳಿಗೊಮ್ಮೆ ಒದಗುವ ಈ ಸಂದರ್ಭದಲ್ಲಿ ಹುಬ್ಬಳ್ಳಿಯಿಂದ ಹೊರಟ ಒಂದು ಬಸ್ಸಿನಲ್ಲಿ ಈ ಲೇಖಕನೂ ಇದ್ದನು. ಒಂದು ದಿನ ಪೂರ್ವಿಕರಿಗೆ, ಒಂದು ದಿನ ಸಂತರಿಗೆ ಎಂದು ನಮ್ಮ ತಂಡದ ಹಿರಿಯರು ಮೊದಲೇ ನಿರ್ಧರಿಸಿದ್ದರು.

ನನ್ನ ಪಕ್ಕದ ಆಸನದಲ್ಲಿ ಕುಳಿತಿದ್ದವನು ನರಗುಂದ ತಾಲ್ಲೂಕಿನ ಚಿಕ್ಕನರಗುಂದದ ಇಪ್ಪತ್ತೆರಡರ ತರುಣ. ಮಲಪ್ರಭೆಯ ಕಾಲುವೆಗಳನ್ನು ತೋಡುತ್ತಿದ್ದ ಕಾಲದಲ್ಲಿ ಅವನ ಅಜ್ಜ ದಕ್ಷಿಣ ಕನ್ನಡದಿಂದ ಕೆಲಸ ಅರಸಿ ಬಂದು, ನಾಲ್ಕು ಎಕರೆ ಎರಿಭೂಮಿ ಕೊಂಡು ಅಲ್ಲಿಯೇ ನೆಲೆನಿಂತವರು. ಮೊಮ್ಮಗ ಜೋಳ, ಹತ್ತಿ, ಕಡಲೆಗಳ ನಡುವೆ ಬೆಳೆದವನು. ಗುಂಪಿನೊಡನೆ ಪ್ರವಾಸ ಹೊರಟದ್ದೂ ಗೋವೆಯ ಕಡೆ ಮುಖ ಮಾಡಿದ್ದೂ ಅದೇ ಮೊದಲು.

"ಗೋವಾ ಅಂದ್ರ ನಮ್ಮ ಗೆಳೆಯಾರಿಗೆ ಬೀಚ್ ರೀ. ನಮ್ಮ ಅಜ್ಜಿಗೆ ಮಾತ್ರ ಅದು ತವರುಮನಿ ಇದ್ದಂಗ. ಆದ್ರ ಆಕೀನೂ ಒಮ್ಮೆ ನೋಡಿಲ್ರಿ" ಎಂದು ನಕ್ಕನು. ಅವನ ಕಿಸೆಯಲ್ಲಿ ಅಜ್ಜಿ ಹೇಳಿ ಬರೆಸಿದ ಒಂದು ಚೀಟಿಯಿತ್ತು. ಅದರಲ್ಲಿ ಇದ್ದದ್ದು ಎರಡೇ ಮಾತು: "ಪ್ರಭು", "ಸಾಷ್ಟಿ". ಮೊದಲನೆಯದು ಕ್ರೈಸ್ತರಾಗುವ ಮುನ್ನ ಕುಟುಂಬಕ್ಕಿದ್ದ ಉಪನಾಮ. ಎರಡನೆಯದು ದಕ್ಷಿಣ ಗೋವೆಯ ಸೀಮೆ. ಊರಿನ ಹೆಸರನ್ನು ಅಜ್ಜಿ ಕೇಳಿರಲಿಲ್ಲ.

ಧಾರವಾಡ, ಅಳ್ನಾವರ, ರಾಮನಗರಗಳನ್ನು ದಾಟಿ ಬಸ್ಸು ಅನಮೋಡ ಘಟ್ಟವನ್ನು ಇಳಿಯತೊಡಗಿತು. ನಮ್ಮ ಹಿರಿಯರು ಏಕೆ ಆ ನೆಲ ಬಿಟ್ಟರೆಂದು ಅವನು ಕೇಳಿದನು. ಉತ್ತರ ಒಂದೇ ಮಾತಿನದಲ್ಲ. 1543ರಲ್ಲಿ ಸಾಷ್ಟಿ ಮತ್ತು ಬಾರ್ದೇಶಗಳು ಪೋರ್ತುಗೀಸರ ಕೈಸೇರಿದವು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯವು 1812ರಲ್ಲಿ ಕೊನೆಗೊಳ್ಳುವವರೆಗೆ ಹೊಸ ಕ್ರೈಸ್ತರ ಉಡುಗೆ, ಊಟ, ಮದುವೆಯ ಶಾಸ್ತ್ರಗಳ ಮೇಲೂ ಕಣ್ಣಿಟ್ಟಿತ್ತು. 1684ರಲ್ಲಿ ಕೊಂಕಣಿ ಭಾಷೆಯನ್ನೇ ತೊರೆಯುವಂತೆ ವೈಸರಾಯರ ಆಜ್ಞೆ ಹೊರಟಿತು. ಇವುಗಳ ಜೊತೆಗೆ ಕ್ಷಾಮ, ರೋಗರುಜಿನ, ತೆರಿಗೆಯ ಹೊರೆ, ಮರಾಠರ ದಂಡಯಾತ್ರೆಗಳು ಬೇರೆ. ಇತ್ತ ಕೆಳದಿಯ ನಾಯಕರ ಸೀಮೆಯಲ್ಲಿ ಒಳ್ಳೆಯ ಒಕ್ಕಲುಗಳಿಗೆ ಭೂಮಿ ದೊರೆಯುತ್ತಿತ್ತು. ವಿಶ್ವಾಸವನ್ನು ಬಿಡದೆ, ಭಾಷೆಯನ್ನೂ ಬಿಡದೆ, ಅವರು ಕುಟುಂಬ ಸಮೇತ ದಕ್ಷಿಣಕ್ಕೆ ನಡೆದರು.

ಮರುದಿನ ಸಾಷ್ಟಿಯಲ್ಲಿ ಕಳೆದೆವು. ಬಾಣಾವಳಿಯ ಸಂತ ಸ್ನಾನಿಕ ಯೊವಾನ್ನರ ದೇವಾಲಯವು 1651ರಲ್ಲಿ ಜನಿಸಿದ ಸಂತ ಜೋಸೆಫ್ ವಾಜರು ದೀಕ್ಷಾಸ್ನಾನ ಪಡೆದ ಸ್ಥಳ. 1681ರಿಂದ ಕೆಲವು ವರ್ಷ ಕೆನರಾದಲ್ಲಿ ನಡೆದಾಡಿ, ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಗುರುಗಳಿಲ್ಲದೆ ಚದುರಿದ್ದ ವಲಸಿಗರನ್ನು ಒಂದುಗೂಡಿಸಿದವರು ಅವರೇ. ಬಳಿಕ ಶ್ರೀಲಂಕೆಗೆ ತೆರಳಿ 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಬಿಟ್ಟುಹೋದವರನ್ನು ಹುಡುಕಿಕೊಂಡು ಹೋದ ಸಂತರವರು. ಅವರ ತವರಿಗೆ ಈಗ ಬಿಟ್ಟುಹೋದವರ ಮಕ್ಕಳೇ ಹುಡುಕಿಕೊಂಡು ಬಂದಿದ್ದರು.

ದೇವಾಲಯದ ಫಲಕದಲ್ಲಿ ರೋಮನ್ ಲಿಪಿಯಲ್ಲಿ ಒಂದು ಕೊಂಕಣಿ ಪ್ರಕಟಣೆಯಿತ್ತು. ನಮ್ಮ ಕಡೆಯ ಕೊಂಕಣಿ ಕನ್ನಡ ಲಿಪಿಯಲ್ಲಿ ಬಾಳಿದ್ದು. ತರುಣನು ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದನು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಮುಖ ಬದಲಾಯಿತು. "ಓದಿದ್ರ ತಿಳಿಯೂದಿಲ್ರಿ, ಕೇಳಿದ್ರ ತಿಳೀತೈತಿ. ಅಜ್ಜಿ ಮಾತಾಡಿದಂಗ ಐತಿ" ಎಂದನು. ಪೋರ್ತುಗೀಸರ ಆಜ್ಞೆ ಸೋತದ್ದು ಇಂತಹ ಅಜ್ಜಿಯರ ಮುಂದೆ ಎಂದು ನನಗೆ ಅನಿಸಿತು.

ಆದರೆ ಚೀಟಿಯ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ನಾವು ವಿಚಾರಿಸಿದ ಒಂದು ಧರ್ಮಕೇಂದ್ರದ ಗುರುಗಳು ಸಹನೆಯಿಂದ ವಿವರಿಸಿದರು: ಸಾಷ್ಟಿಯಲ್ಲಿ ಪ್ರಭುಗಳಿದ್ದ ಊರುಗಳು ಒಂದೆರಡಲ್ಲ, ದೀಕ್ಷಾಸ್ನಾನದ ಹಳೆಯ ದಾಖಲೆಯಲ್ಲಿ ಹುಡುಕಲು ಊರು, ವರ್ಷ, ತಂದೆಯ ಹೆಸರು ಬೇಕು. ಆ ಎಳೆ ಕಡಿದುಹೋದದ್ದು ನಮ್ಮ ಕಡೆಯಲ್ಲಿ. 1784ರ ವಿಭೂತಿ ಬುಧವಾರದ ಸುಮಾರಿಗೆ ಕೆನರಾದ ಕ್ರೈಸ್ತರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬದುಕುಳಿದವರು ಮರಳಿ ಬಂದಾಗ ಅನೇಕ ಇಗರ್ಜಿಗಳು ನೆಲಸಮವಾಗಿದ್ದವು. ಅವುಗಳ ಕಡತಗಳೂ ಉಳಿದಿರಲಿಲ್ಲ. ತರುಣನು ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡನು. ಆ ರಾತ್ರಿ ಅವನು ಹೆಚ್ಚು ಮಾತನಾಡಲಿಲ್ಲ.

ಮೂರನೆಯ ದಿನ ಹಳೆಯ ಗೋವೆ. ಸೆ ಕಥೀಡ್ರಲಿನ ಮುಂದೆ ದೀರ್ಘ ಸಾಲಿನಲ್ಲಿ ನಿಂತು ಸಂತರ ದರ್ಶನ ಪಡೆದೆವು. ಸಂಜೆ ವೈಸರಾಯರ ಕಮಾನಿನ ಆಚೆಗಿನ ಕಡವಿಗೆ ಬಂದು, ಎದುರಿನ ದಿವಾಡಿ ದ್ವೀಪಕ್ಕೆ ಹೋಗುವ ಫೆರಿ ಹತ್ತಿದೆವು. ನಡುನೀರಿನಲ್ಲಿ ತರುಣನು ಕೇಳಿದನು: "ಇದು ಯಾವ ಹೊಳಿ ರೀ?" ಮಾಂಡವಿ ಎಂದೆನು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವಾಗ ಇದರ ಹೆಸರು ಮಹದಾಯಿ ಎಂದು ತಿಳಿಸಿದಾಗ ಅವನು ಕಂಬಿಯನ್ನು ಹಿಡಿದು ನೀರನ್ನೇ ನೋಡುತ್ತ ನಿಂತನು. ಕಳಸಾ-ಬಂಡೂರಿ ಎಂಬ ಕೂಗನ್ನು ಕೇಳುತ್ತಲೇ ಬೆಳೆದವನು, ಆ ನೀರು ಹೋಗಿ ಸೇರುವ ಕಡೆಯನ್ನು ಅಂದು ಮೊದಲ ಬಾರಿಗೆ ಕಂಡಿದ್ದನು.

ದ್ವೀಪದಲ್ಲಿ ಬದುವಿನ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರು ನಮ್ಮ ಕೊಂಕಣಿಯನ್ನು ಕೇಳಿ ನಗುತ್ತ ಊರು ವಿಚಾರಿಸಿದರು. "ನರಗುಂದ" ಎಂದೊಡನೆ ನಗು ಮಾಯವಾಯಿತು. "ನಮ್ಮ ಹೊಳೆಯನ್ನು ತಿರುಗಿಸಲು ಹೊರಟವರ ಊರಿನವನೇ ನೀನು, ಪುತಾ?" ಎಂದರು.

ತರುಣನು ಒಂದು ಕ್ಷಣ ತಡೆದನು. ಬಳಿಕ ತನ್ನ ಹರಕು ಕೊಂಕಣಿಯಲ್ಲಿ, ಪದ ಸಿಗದ ಕಡೆ ನನ್ನತ್ತ ನೋಡುತ್ತ ಹೇಳಿದನು. ಮಲಪ್ರಭೆ ತುಂಬದ ವರ್ಷ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ನೀರೇ ಬಾರದ ಹೊಲಕ್ಕೂ ಕರ ಕಟ್ಟಬೇಕೆಂದಾಗ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಸತ್ತವರು ತನ್ನ ಊರಿನವರೇ. 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದದಲ್ಲಿ ರೈತರು ಮತ್ತೆ ಧರಣಿ ಕುಳಿತರು.

"ಅವನ ಹೆಸರೇನು?" ಎಂದು ವೃದ್ಧರು ಕೇಳಿದರು.

"ಈರಪ್ಪ ಕಡ್ಲಿಕೊಪ್ಪ."

ವೃದ್ಧರು ಆ ಹೆಸರನ್ನು ಮೆಲ್ಲನೆ ಎರಡು ಬಾರಿ ಹೇಳಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ನಂತರ ಎದ್ದು ತಮ್ಮ ಹೊಲವನ್ನು ತೋರಿಸಿದರು. ಗೋವೆಯವರು ಖಜಾನ್ ಎನ್ನುವ ತಗ್ಗು ಭೂಮಿಯದು. ಸಮುದ್ರದ ಉಬ್ಬರಕ್ಕೆ ಉಪ್ಪುನೀರು ನದಿಯೊಳಗೆ ಏರಿ ಬರುತ್ತದೆ. ಪೋರ್ತುಗೀಸರು ಬರುವುದಕ್ಕೂ ಬಹಳ ಹಿಂದಿನಿಂದ ಊರಿನ ಗಾಂವಕಾರರು ಸೇರಿ ಮಣ್ಣಿನ ಒಡ್ಡು ಕಟ್ಟಿ, ತೂಬಿನ ಕದಗಳಿಂದ ಆ ನೀರನ್ನು ತಡೆದು, ಉಪ್ಪಿನ ನಡುವೆ ಭತ್ತ ಬೆಳೆಯುತ್ತ ಬಂದವರು. ಮೇಲಿನಿಂದ ಸಿಹಿನೀರು ಕಡಿಮೆಯಾದಷ್ಟೂ ಉಪ್ಪು ಮೇಲೇರುತ್ತದೆ ಎಂಬುದು ಅವರ ಭಯ.

ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ತೀರ್ಪಿತ್ತು ಮಹದಾಯಿಯಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರು ಹಂಚಿತು, ಅದರಲ್ಲಿ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿ.ಎಂ.ಸಿ. ಯಾರ ವಾದ ಸರಿ ಎಂದು ತೀರ್ಮಾನಿಸುವುದು ಈ ಅಂಕಣದ ಕೆಲಸವಲ್ಲ. ಆದರೆ ಅಂದು ಬದುವಿನ ಮೇಲೆ ಕುಳಿತವರು ವಾದಿ ಪ್ರತಿವಾದಿಗಳಾಗಿ ಉಳಿದಿರಲಿಲ್ಲ. ಒಬ್ಬರಿಗೆ ನೀರು ಬಾರದ ಚಿಂತೆ, ಮತ್ತೊಬ್ಬರಿಗೆ ಉಪ್ಪು ಬರುವ ಚಿಂತೆ. ಫೆರಿ ಹೊರಡುವಾಗ ವೃದ್ಧರು ತರುಣನ ತಲೆಯ ಮೇಲೆ ಕೈಯಿಟ್ಟು, "ಮತ್ತೆ ಬಾ" ಎಂದರು.

ಮರಳುವ ದಾರಿಯಲ್ಲಿ ಅವನು ಅಜ್ಜಿಗೆ ಫೋನ್ ಮಾಡಿದನು. "ಅಜ್ಜಿ, ಮನಿ ಸಿಗಲಿಲ್ಲ. ಆದ್ರ ಅಲ್ಲೂ ನಮ್ಮಂಗ ನೀರಿನ ಚಿಂತಿ ಮಾಡೋ ಮಂದಿ ಅದಾರ." ಆಚೆಯಿಂದ ಅಜ್ಜಿ ಏನೆಂದರೋ ತಿಳಿಯದು. ಬಹಳ ಹೊತ್ತು ಅವನು ಕೊಂಕಣಿಯಲ್ಲಿ ಹೂಂಗುಟ್ಟುತ್ತಲೇ ಇದ್ದನು.

ನಮ್ಮ ಯುವಕ ಸಂಘಗಳು ಇಂತಹ ಯಾತ್ರೆಗಳನ್ನು ಕೈಗೊಳ್ಳಬೇಕು. ಆದರೆ ಬಸ್ಸು ಹತ್ತುವ ಮುನ್ನ ಮನೆಯ ಹಿರಿಯರ ಬಳಿ ಕುಳಿತು ಹಳೆಯ ಉಪನಾಮ, ಸೀಮೆ, ಕೇಳಿಬಂದ ಊರಿನ ಹೆಸರುಗಳನ್ನು ಬರೆದಿಟ್ಟುಕೊಳ್ಳಿರಿ. ಇಂದು ಕೇಳದಿದ್ದರೆ ನಾಳೆ ಹೇಳುವವರು ಇರುವುದಿಲ್ಲ. ಅಲ್ಲಿ ಇಗರ್ಜಿಗಳನ್ನು ಕಂಡರೆ ಸಾಲದು. ಹೊಲದ ಬದುವಿನ ಮೇಲೆ ಒಂದು ಗಳಿಗೆ ಕುಳಿತು, ಅಲ್ಲಿ ಉಳಿದವರ ಮಾತನ್ನೂ ಕೇಳಿರಿ.

ಪೂರ್ವಿಕರ ನೆಲ ನಮ್ಮದೆಂದು ಹಕ್ಕು ಸಾಧಿಸಲು ನಾವು ಹೋಗುವುದಿಲ್ಲ. ಅವರು ಹೊತ್ತುತಂದ ವಿಶ್ವಾಸಕ್ಕೆ, ಭಾಷೆಗೆ ಕೃತಜ್ಞತೆ ಸಲ್ಲಿಸಲು ಹೋಗುತ್ತೇವೆ. ನಮಗೆ ಅನ್ನವಿತ್ತ ನೆಲ ಬೇರೊಂದಿದೆ; ಅದರ ನೋವೂ ನಮ್ಮದೇ. ಗೋವೆಯ ಬದುವಿನ ಮೇಲೆ ನಿಂತು ಈರಪ್ಪನವರ ಹೆಸರು ಹೇಳಿದ ಆ ತರುಣನು ಈ ಎರಡು ಋಣಗಳನ್ನೂ ಒಟ್ಟಿಗೆ ತೀರಿಸಿದನೆಂದೇ ನನ್ನ ಭಾವನೆ.