ಗುಂಡಿ ಒತ್ತಿದವರಿಗೆ ಒಂದೂವರೆ ಕಿಲೋ ಅಕ್ಕಿ

ವಿಯೆಟ್ನಾಂನ ಹೋ ಚಿ ಮಿನ್ ನಗರದ ತಾನ್ ಫು ಪ್ರದೇಶದಲ್ಲಿ ವೂನ್ ಲಾಯ್ ಎಂಬ ರಸ್ತೆಯಿದೆ. 2020ರ ಏಪ್ರಿಲ್ ಮೊದಲ ವಾರ ಅಲ್ಲಿನ ಒಂದು ಬೀಗದ ಕಂಪನಿಯ ಮುಂದೆ ಜನ ಸಾಲುಗಟ್ಟಿದರು. ಮನೆಬಾಗಿಲಿನ ಕರೆಗಂಟೆಯಂಥ ಒಂದು ಗುಂಡಿ, ಅದರಲ್ಲೇ ಪುಟ್ಟ ಕ್ಯಾಮೆರಾ ಕಣ್ಣು, ಕೆಳಗೆ ಒಂದು ಕೊಳವೆಯ ಬಾಯಿ. ಗುಂಡಿ ಒತ್ತಿ ಚೀಲ ಹಿಡಿದರೆ ಅಕ್ಕಿ ಸುರಿಯುತ್ತದೆ, ಒಂದೂವರೆ ಕಿಲೋ ಬಿದ್ದ ಮೇಲೆ ನಿಲ್ಲುತ್ತದೆ. ಚೀಲ ಕಟ್ಟಿಕೊಂಡು ಹೊರಡಬಹುದು. ಹಗಲಾಗಲಿ, ರಾತ್ರಿಯಾಗಲಿ, ದಿನದ 24 ಗಂಟೆಯೂ ತೆರೆದಿದ್ದ ಈ ಯಂತ್ರ ‘ಅಕ್ಕಿ ಎಟಿಎಂ’ ಎಂದೇ ಹೆಸರಾಯಿತು.

ಇದನ್ನು ಮಾಡಿಸಿದವರು ಹ್ವಾಂಗ್ ತುವಾನ್ ಆನ್. ಪಿಎಚ್‌ಜಿ ಲಾಕ್ ಎಂಬ ಎಲೆಕ್ಟ್ರಾನಿಕ್ ಬೀಗಗಳ ಕಂಪನಿಯ ಒಡೆಯರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಸಾಧನಗಳೇ ಅವರ ಕಸುಬು. ಗುರುತು ಹತ್ತಿದವರಿಗೆ ಮಾತ್ರ ಬಾಗಿಲು ತೆರೆಯುವ ವಿದ್ಯೆ ಬಲ್ಲವರು ಕಷ್ಟಕಾಲದಲ್ಲಿ ಹೆಸರು ಕೇಳದ, ಕಾರ್ಡು ನೋಡದ, ಊರು ವಿಚಾರಿಸದ ಯಂತ್ರವೊಂದನ್ನು ಕಟ್ಟಿದರು. ಈ ಸಂಗತಿ ಓದಿದಾಗಿನಿಂದ ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ದಾನದ ಬಗ್ಗೆ ನಾವು ತುಂಬ ಮಾತಾಡುತ್ತೇವೆ. ಪಡೆಯುವವರ ಮುಖ ಕೆಳಗಾಗದಂತೆ ಕೊಡುವುದು ಹೇಗೆ ಎಂಬ ಬಗ್ಗೆ ಮಾತು ಕಡಿಮೆ.

ಸಾವಿಲ್ಲ, ಹಸಿವಿದೆ

ಆ ಏಪ್ರಿಲ್‌ನಲ್ಲಿ ವಿಯೆಟ್ನಾಂನ ಸ್ಥಿತಿ ವಿಚಿತ್ರವಾಗಿತ್ತು. ಕೋವಿಡ್‌ನಿಂದ ಒಬ್ಬರೂ ತೀರಿಕೊಂಡಿರಲಿಲ್ಲ. ಅಲ್ಲಿ ಮೊದಲ ಸಾವು ದಾಖಲಾದದ್ದು ಜುಲೈ ಕೊನೆಯ ದಿನ. ಆದರೆ ಏಪ್ರಿಲ್ 1ರಿಂದ ದೇಶಾದ್ಯಂತ ಜನ ಮನೆಯಲ್ಲೇ ಇರಬೇಕೆಂಬ ಆದೇಶ ಹೊರಟಿತ್ತು. ಬೈಕಿನಲ್ಲಿ ಬಾಡಿಗೆ ಹೊಡೆಯುವವರು, ಹೆಗಲ ಮೇಲೆ ಅಡ್ಡೆ ಹೊತ್ತು ತಿಂಡಿ ಮಾರುವ ಹೆಂಗಸರು, ಕಟ್ಟಡ ಕೆಲಸದವರು, ಮನೆಗೆಲಸದವರು ಎಲ್ಲರ ದುಡಿಮೆಯೂ ಒಂದೇ ದಿನದಲ್ಲಿ ನಿಂತಿತು.

ಲಾಟರಿ ಮಾರುವವರ ಪಾಡು ಇನ್ನೂ ಕಷ್ಟ. ದಕ್ಷಿಣ ವಿಯೆಟ್ನಾಂನಲ್ಲಿ ಇದು ವಯಸ್ಸಾದವರ, ಅಂಗವಿಕಲರ ಕೊನೆಯ ಆಸರೆಯಂಥ ಕೆಲಸ. ಹತ್ತು ಸಾವಿರ ಡಾಂಗ್‌ನ ಒಂದು ಟಿಕೆಟ್ ಮಾರಿದರೆ ಕೈಗೆ ಉಳಿಯುವುದು ಸುಮಾರು ಒಂದು ಸಾವಿರ ಡಾಂಗ್, ನಮ್ಮ ಲೆಕ್ಕದಲ್ಲಿ ಮೂರ್ನಾಲ್ಕು ರೂಪಾಯಿ. ಹೋಟೆಲಿನ ಮೇಜಿನಿಂದ ಮೇಜಿಗೆ, ಬೀದಿಯಿಂದ ಬೀದಿಗೆ ಅಲೆದು ದಿನ ದೂಡುವ ಬದುಕು. ಲಾಟರಿಯನ್ನೇ ನಿಲ್ಲಿಸಿದಾಗ ಅವರಿಗೆ ಮಾರಲು ಏನೂ ಉಳಿಯಲಿಲ್ಲ.

ಇವರಲ್ಲಿ ಬಹಳ ಮಂದಿ ಬೇರೆ ಪ್ರಾಂತಗಳಿಂದ ದುಡಿಯಲು ಬಂದವರು. ಅಲ್ಲಿ ಆಗ ‘ಹೋ ಖಾವ್’ ಎಂಬ ಕುಟುಂಬ ನೋಂದಣಿ ಪುಸ್ತಕದ ಪದ್ಧತಿಯಿತ್ತು. ಯಾವ ಊರಿನ ಪುಸ್ತಕದಲ್ಲಿ ಹೆಸರಿದೆಯೋ ಆ ಊರಿನವರು. ಶಾಲೆ, ಸಹಾಯಧನ ಎಲ್ಲದಕ್ಕೂ ಅದರ ನೆರಳು. ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. ಏಪ್ರಿಲ್‌ನಲ್ಲೇ 62 ಲಕ್ಷ ಕೋಟಿ ಡಾಂಗ್‌ಗಳ ನೆರವು ಘೋಷಿಸಿತು. ಕೆಲಸ ಕಳೆದುಕೊಂಡ ಅಸಂಘಟಿತ ಕಾರ್ಮಿಕರಿಗೆ ತಿಂಗಳಿಗೆ ಹತ್ತು ಲಕ್ಷ ಡಾಂಗ್ ಎಂದಿತು. ಆದರೆ ಅರ್ಜಿ, ದೃಢೀಕರಣ, ಪಟ್ಟಿ ಎಲ್ಲ ಮುಗಿದು ಹಣ ಕೈಸೇರಬೇಕು. ಒಲೆಯ ಮೇಲಿನ ಪಾತ್ರೆ ಅಲ್ಲಿಯವರೆಗೆ ಕಾಯುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ವಿಯೆಟ್ನಾಂ ಜಗತ್ತಿಗೆ ಅಕ್ಕಿ ಕಳಿಸುವ ದೊಡ್ಡ ದೇಶಗಳಲ್ಲಿ ಒಂದು. ಆ ಮಾರ್ಚ್‌ನಲ್ಲಿ ಊರಿಗೆ ಕೊರತೆಯಾದೀತೆಂದು ರಫ್ತು ತಡೆದು, ಏಪ್ರಿಲ್‌ಗೆ ನಾಲ್ಕು ಲಕ್ಷ ಟನ್ ಎಂದು ಮಿತಿ ಹಾಕಿ, ಮೇ ತಿಂಗಳಿಗೆ ಮತ್ತೆ ಬಾಗಿಲು ತೆರೆಯಿತು. ಮೆಕಾಂಗ್ ಮುಖಜ ಭೂಮಿಯಲ್ಲಿ ಅಕ್ಕಿಗೇನೂ ಬರವಿರಲಿಲ್ಲ. ಬರವಿದ್ದದ್ದು ಬಾಡಿಗೆ ಕೋಣೆಗಳಲ್ಲಿ ಕೂತವರ ಕೈಯ ಕಾಸಿಗೆ.

ಕೊಳವೆಯ ಹಿಂದೆ

ಅಕ್ಕಿ ಹಂಚಲು ಯಂತ್ರವೇಕೆ, ಮೇಜು ಹಾಕಿ ಕೊಟ್ಟರಾಗದೆ ಎಂದು ಕೇಳಬಹುದು. ಆಗ ಗುಂಪುಗೂಡುವುದೇ ಅಪಾಯ. ಕೊಡುವವರೂ ಪಡೆಯುವವರೂ ಹತ್ತಿರ ಬರುವಂತಿಲ್ಲ. ತುವಾನ್ ಆನ್ ಅದಕ್ಕೂ ಮೊದಲೇ ತಮ್ಮ ಕಂಪನಿಯ ಸ್ಮಾರ್ಟ್ ಕರೆಗಂಟೆಗಳನ್ನು ನಗರದ ಆಸ್ಪತ್ರೆಗಳಿಗೆ ದಾನ ಕೊಟ್ಟಿದ್ದರು. ಅದೇ ಗುಂಡಿ, ಅದೇ ಕ್ಯಾಮೆರಾ, ಅದೇ ಮೊಬೈಲ್ ಸಂಪರ್ಕಕ್ಕೆ ಒಂದು ಅಕ್ಕಿಯ ತೊಟ್ಟಿಯನ್ನು ಜೋಡಿಸಿದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಬಂತು. ಗುಂಡಿ ಒತ್ತಿದಾಗ ಒಳಗಿರುವ ಸಿಬ್ಬಂದಿಗೆ ಕರೆ ಹೋಗುತ್ತದೆ, ಬಂದವರು ಕ್ಯಾಮೆರಾದಲ್ಲಿ ಕಾಣುತ್ತಾರೆ, ಕೊಳವೆ ತೆರೆಯುತ್ತದೆ. ಹೊರಗೆ ನೆಲದ ಮೇಲೆ ಅಂತರ ಬಿಟ್ಟು ಗುರುತು, ಕೈಗೆ ಸ್ಯಾನಿಟೈಸರ್.

ಇಂಥ ಯಂತ್ರದ ಒಡಲಲ್ಲಿ ದೊಡ್ಡ ರಹಸ್ಯವೇನಿಲ್ಲ. ಮೇಲೊಂದು ತೊಟ್ಟಿ, ಕೆಳಗೊಂದು ಕೊಳವೆ, ಬಾಯಿ ತೆರೆದು ಮುಚ್ಚಲು ಒಂದು ಮೋಟರು, ಮೋಟರಿಗೆ ಕರೆಂಟು ಕೊಟ್ಟು ಕಡಿಯುವ ಒಂದು ರಿಲೇ, ರಿಲೇಗೆ ಅಪ್ಪಣೆ ಕೊಡುವ ಬೆರಳಗಲದ ಚಿಪ್ಪು. ಅದರೊಳಗೆ ಬರೆದ ಪ್ರೋಗ್ರಾಂ ಕೂಡ ಪುಟ್ಟದೇ: ಸೂಚನೆ ಬಂದರೆ ಇಷ್ಟು ಸೆಕೆಂಡು ತೆರೆ, ಆಮೇಲೆ ಮುಚ್ಚು.

ಅಕ್ಕಿಯನ್ನು ತೂಗದೆ ಸೆಕೆಂಡಿನ ಲೆಕ್ಕದಲ್ಲಿ ಅಳೆಯಬಹುದಾದ್ದಕ್ಕೆ ಒಂದು ಸೊಗಸಾದ ಕಾರಣವಿದೆ. ನೀರಿನ ಟ್ಯಾಂಕ್ ತುಂಬಿದ್ದಾಗ ನಲ್ಲಿ ಜೋರಾಗಿ ಹರಿಯುತ್ತದೆ, ಖಾಲಿಯಾಗುತ್ತ ಬಂದಂತೆ ಸಣ್ಣಗಾಗುತ್ತದೆ. ಕಾಳಿನ ಸ್ವಭಾವ ಬೇರೆ. ಮೇಲಿನ ಕಾಳುಗಳ ಭಾರದ ಬಹುಪಾಲನ್ನು ತೊಟ್ಟಿಯ ಗೋಡೆಗಳೇ ಹೊತ್ತುಕೊಳ್ಳುತ್ತವೆ. ಹಾಗಾಗಿ ತೊಟ್ಟಿ ತುಂಬಿರಲಿ, ಅರ್ಧವಿರಲಿ, ಕೆಳಗಿನ ಬಾಯಿಂದ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಕಾಳು ಬೀಳುತ್ತದೆ. ಬೆಳಗ್ಗೆ ಮೊದಲು ಬಂದವರಿಗೂ ರಾತ್ರಿ ಕೊನೆಗೆ ಬಂದವರಿಗೂ ಒಂದೇ ಅಳತೆ. ಪ್ರಕೃತಿಯೇ ಪಕ್ಷಪಾತವಿಲ್ಲದೆ ಬಡಿಸುವ ಹಾಗೆ ಇದೆ ಇದು.

ಹಾಗೆಂದು ತೊಂದರೆಗಳಿಲ್ಲವೆಂದಲ್ಲ. ಅಕ್ಕಿಗೆ ತೇವ ತಗುಲಿದರೆ ಕೊಳವೆಯ ಕುತ್ತಿಗೆಯಲ್ಲಿ ಕಾಳುಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟಿ ನಿಂತುಬಿಡುತ್ತವೆ. ಆಗ ಬಡಿಯಬೇಕು, ಇಲ್ಲವೇ ಅಲುಗಿಸಬೇಕು. ದಾನವಾಗಿ ಬರುವ ಅಕ್ಕಿಯಂತೂ ಒಂದೇ ತಳಿಯದಲ್ಲ. ಉದ್ದ ಕಾಳು, ಗುಂಡು ಕಾಳು, ನುಚ್ಚು ಬೆರೆತದ್ದು ಒಂದೊಂದೂ ಒಂದೊಂದು ವೇಗದಲ್ಲಿ ಜಾರುತ್ತವೆ. ಚೀಲ ಬದಲಾದಾಗ ಸೆಕೆಂಡಿನ ಲೆಕ್ಕವೂ ಬದಲಾಗಬೇಕಾಗಬಹುದು. ಮನುಷ್ಯರ ಕಣ್ಣು ಮೇಲಿಲ್ಲದಿದ್ದರೆ ಈ ಯಂತ್ರ ಒಂದು ದಿನವೂ ನೆಟ್ಟಗೆ ನಡೆಯದು.

ಸುದ್ದಿ ಹರಡಿದ್ದೇ ತಡ, ಜನ ಅಕ್ಕಿ ಮೂಟೆಗಳನ್ನು ತಂದು ಇಳಿಸತೊಡಗಿದರು. ಕೆಲವೇ ದಿನಗಳಲ್ಲಿ ಹನೋಯ್‌ನಲ್ಲಿ ನೀರಿನ ಟ್ಯಾಂಕಿಗೇ ಅಕ್ಕಿ ತುಂಬಿದ ಯಂತ್ರ ನಿಂತಿತು. ಹ್ವೇ ಪಟ್ಟಣದ ಕಾಲೇಜೊಂದರಲ್ಲಿ ತಲಾ ಎರಡು ಕಿಲೋ ಕೊಡುವ ಯಂತ್ರ ಶುರುವಾಯಿತು. ಡಾ ನಾಂಗ್ ನಗರವೂ ಸಜ್ಜಾಯಿತು.

ಕೈಚಳಕದ ಪರಂಪರೆ

ಇಷ್ಟು ಬೇಗ ಇದು ಸಾಧ್ಯವಾದದ್ದಕ್ಕೆ ವಿಯೆಟ್ನಾಂನ ಹವ್ಯಾಸಿ ತಂತ್ರಜ್ಞರನ್ನೂ ನೆನೆಯಬೇಕು. ಸೈಗಾನ್‌ನ (ಹೋ ಚಿ ಮಿನ್ ನಗರದ ಹಳೆಯ ಹೆಸರು) ನ್ಯಾತ್ ತಾವ್ ಮಾರುಕಟ್ಟೆಯಲ್ಲಿ ಹಳೆಯ ಬೋರ್ಡು, ಮೋಟರು, ತಂತಿ, ಬಿಡಿಭಾಗ ಗುಡ್ಡೆ ಹಾಕಿ ಮಾರುತ್ತಾರೆ. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆ ಬಲ್ಲವರಿಗೆ ವಿವರಿಸಬೇಕಿಲ್ಲ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡು, 2014ರ ನಂತರ ಹರಡಿದ ಅಗ್ಗದ ವೈಫೈ ಚಿಪ್ಪು ಇಎಸ್‌ಪಿ8266 ಬಂದ ಮೇಲೆ ಗುಂಡಿಯನ್ನು ಫೋನಿಗೆ ಬೆಸೆಯುವುದು ಡಿಪ್ಲೊಮಾ ಹುಡುಗರ ಕೈಗೂ ಎಟುಕಿತು. ಇಂಥ ಸಾಧನಗಳು ಒಂದರೊಡನೊಂದು ಮಾತಾಡಲು ಹವ್ಯಾಸಿಗಳು ಇಂದು ಬಳಸುವ ಎಂಕ್ಯುಟಿಟಿ ಎಂಬ ವಿಧಾನ ರೂಪುಗೊಂಡದ್ದು 1999ರಲ್ಲಿ, ತೈಲದ ಕೊಳವೆಗಳ ಮೇಲೆ ದೂರದಿಂದ ಕಣ್ಣಿಡಲು.

ಈ ಪರಂಪರೆ ಇನ್ನೂ ಹಳೆಯದು. ವಿಯೆಟ್ನಾಂಗೆ ಇಂಟರ್‌ನೆಟ್ ಅಧಿಕೃತವಾಗಿ ಬಂದದ್ದು 1997ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲೇ, 90ರ ದಶಕದ ಆರಂಭದಲ್ಲಿ, ಹನೋಯ್‌ನ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರೂ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಾಬ್ ಹರ್ಲ್ ಅವರೂ ಸೇರಿ ಮೋಡೆಮ್ ಮತ್ತು ಟೆಲಿಫೋನ್ ತಂತಿಯ ಮೂಲಕ ಇ-ಮೇಲ್‌ಗಳನ್ನು ಕಂತೆಕಂತೆಯಾಗಿ ಸಾಗಿಸುತ್ತಿದ್ದರು. ಆಮೇಲೆ ಫಾಮ್ ಕಿಮ್ ಲಾಂಗ್ ಎಂಬವರು ಯೂನಿಕೀ ಎಂಬ ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ವಿಯೆಟ್ನಾಮೀ ಅಕ್ಷರಗಳ ಮೇಲಿನ ಅಷ್ಟೂ ಚಿಹ್ನೆಗಳನ್ನು ಸಾಮಾನ್ಯ ಕೀಲಿಮಣೆಯಲ್ಲೇ ಮೂಡಿಸುವ ಅದನ್ನು ದೇಶವೇ ಬಳಸಿತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತ ನಮಗೆ ಆ ಋಣ ಎಂಥದೆಂದು ಗೊತ್ತು. ಬಿಡುವಿನ ಹೊತ್ತಿನಲ್ಲಿ ಒಬ್ಬರು ಮಾಡಿದ ಕೆಲಸ ಲಕ್ಷಾಂತರ ಜನರ ಕೈಗೆ ಬರುವುದು ಅಲ್ಲಿ ಹೊಸತೇನಲ್ಲ.

ಎರಡು ಸಾವಿರ ಡಾಂಗ್‌ನ ಊಟ

ಕೊಡುವ ರೀತಿಯ ಬಗ್ಗೆಯೂ ಆ ಸಮಾಜ ಬಹಳ ಯೋಚಿಸಿದೆ. 2012ರಲ್ಲಿ ಪತ್ರಕರ್ತ ನಾಮ್ ಡೋಂಗ್ ಸೈಗಾನ್‌ನಲ್ಲಿ ‘ನು ಕೂಯ್’, ಅಂದರೆ ನಗು, ಎಂಬ ಅನ್ನದ ಹೋಟೆಲು ಆರಂಭಿಸಿದರು. ಆಗ ಊಟಕ್ಕೆ ಎರಡು ಸಾವಿರ ಡಾಂಗ್. ಆ ದುಡ್ಡಿನಲ್ಲಿ ತರಕಾರಿಯ ಖರ್ಚೂ ಹುಟ್ಟುತ್ತಿರಲಿಲ್ಲ. ಆದರೂ ಪುಕ್ಕಟೆ ಕೊಡುತ್ತಿರಲಿಲ್ಲ. ಕಾಸು ಕೊಟ್ಟು ತಟ್ಟೆ ಹಿಡಿದವರು ಗಿರಾಕಿ. ಅವರು ಯಾರ ಹಂಗಿನಲ್ಲೂ ಉಣ್ಣಬೇಕಿರಲಿಲ್ಲ. ಕೋವಿಡ್ ಕಾಲದಲ್ಲಿ ‘ಸೊನ್ನೆ ಡಾಂಗ್ ಅಂಗಡಿ’ಗಳು ತೆರೆದಾಗಲೂ ಕಟ್ಟಿಟ್ಟ ಪೊಟ್ಟಣ ಕೈಗಿಡಲಿಲ್ಲ. ಕಪಾಟಿನ ಮುಂದೆ ನಿಂತು ಎಣ್ಣೆಯೋ ಮೊಟ್ಟೆಯೋ ನೂಡಲ್ಸೋ ತಾವೇ ಆರಿಸಿಕೊಳ್ಳಲು ಬಿಟ್ಟರು.

ಇದರ ಹಿಂದೆ ಹಳೆಯ ಹಸಿವಿನ ನೆನಪೂ ಇದೆ. 1945ರ ಕ್ಷಾಮದಲ್ಲಿ ಉತ್ತರ ವಿಯೆಟ್ನಾಂನಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ದೇಶದ ನಾಯಕ ಹೋ ಚಿ ಮಿನ್, ಹತ್ತು ದಿನಕ್ಕೆ ಒಂದು ಹೊತ್ತಿನ ಊಟ ಬಿಟ್ಟು ಆ ಅಕ್ಕಿಯನ್ನು ಬಡವರಿಗೆ ಕೊಡಿ ಎಂದು ಜನರನ್ನು ಕೇಳಿಕೊಂಡರು. ನಮ್ಮ ಮನೆಗಳಲ್ಲಿ ಮುಷ್ಟಿ ಅಕ್ಕಿ ಎತ್ತಿಡುತ್ತಿದ್ದ ಹಾಗೆ ಅಲ್ಲಿ ಅಕ್ಕಿಯ ಹರವಿಗಳು ತುಂಬಿದವು. ವೂನ್ ಲಾಯ್ ರಸ್ತೆಗೆ ಮೂಟೆ ಹೊತ್ತು ತಂದವರು ಆ ಹರವಿಗೆ ಹಾಕಿದವರ ಮಕ್ಕಳ, ಮೊಮ್ಮಕ್ಕಳ ತಲೆಮಾರಿನವರು.

ಆಮೇಲೆ

2021ರಲ್ಲಿ ಕಥೆ ಬದಲಾಯಿತು. ಡೆಲ್ಟಾ ಅಲೆ ಸೈಗಾನನ್ನು ಹಣ್ಣು ಮಾಡಿತು. ಆಗಸ್ಟ್ ಕೊನೆಯ ಹೊತ್ತಿಗೆ ಜನ ಮನೆಯಿಂದ ಹೊರಬರುವಂತಿರಲಿಲ್ಲ. ಸೈನಿಕರು ದಿನಸಿ ಹಂಚಿದರು. ಗುಂಡಿ ಒತ್ತಲು ಬೀದಿಗೆ ಬರಲಾಗದವರಿಗೆ ಯಂತ್ರ ಏನು ಮಾಡೀತು? ತುವಾನ್ ಆನ್ ಆಗ ನಗರದ ಯುವ ಸಂಘಟನೆಯೊಡನೆ ಸೇರಿ ‘ಆಕ್ಸಿಜನ್ ಎಟಿಎಂ’ ನಡೆಸಿದರು. ಉಸಿರಿಗೆ ಕಷ್ಟಪಡುತ್ತಿದ್ದವರಿಗೆ ಸಿಲಿಂಡರ್‌ಗಳನ್ನು ಹಣ ಪಡೆಯದೆ ಒದಗಿಸಿದರು. ಅಕ್ಟೋಬರ್‌ನಲ್ಲಿ ನಿರ್ಬಂಧ ಸಡಿಲವಾದದ್ದೇ ಸಾವಿರಾರು ಕುಟುಂಬಗಳು ಬೈಕಿಗೆ ಗಂಟುಮೂಟೆ ಕಟ್ಟಿ ತಮ್ಮ ತಮ್ಮ ಪ್ರಾಂತಗಳಿಗೆ ಹೊರಟುಬಿಟ್ಟವು. ಒಂದೂವರೆ ಕಿಲೋ ಅಕ್ಕಿ ಒಂದೆರಡು ದಿನ ನೂಕಬಲ್ಲದು, ಬಾಡಿಗೆ ಕಟ್ಟಲಾರದು. ಈ ಯಂತ್ರದ ಮಿತಿ ಅದು, ಮುಚ್ಚಿಡುವಂಥದ್ದಲ್ಲ.

2022ರಲ್ಲಿ ನಮ್ಮ ಆಗಿನ ಆಹಾರ ಸಚಿವ ಉಮೇಶ ಕತ್ತಿ ಅವರು ಕರ್ನಾಟಕದಲ್ಲೂ ಅಕ್ಕಿ ಎಟಿಎಂ ತರುವ ಮಾತಾಡಿದ್ದರು. ನಮ್ಮಲ್ಲಿ ಅನ್ನಭಾಗ್ಯವಿದೆ, ದೊಡ್ಡ ಪಡಿತರ ವ್ಯವಸ್ಥೆಯಿದೆ, ಅದು ಕಡಿಮೆ ಸಾಧನೆಯಲ್ಲ. ಆದರೆ ನ್ಯಾಯಬೆಲೆ ಅಂಗಡಿಯ ಮುಂದೆ ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ ಮರಳುವ ಅಜ್ಜಂದಿರಿದ್ದಾರೆ. ಮುಸುರೆ ತಿಕ್ಕಿ ಹೆಬ್ಬೆಟ್ಟಿನ ಗೆರೆ ಸವೆದು ಯಂತ್ರದ ಗುರುತಿಗೆ ಸಿಗದ ತಾಯಂದಿರಿದ್ದಾರೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಮಕ್ಕಳು ಪ್ರತಿವರ್ಷ ಇದೇ ರಿಲೇ, ಇದೇ ಚಿಪ್ಪು ಇಟ್ಟುಕೊಂಡು ಎಷ್ಟೊಂದು ಪ್ರಾಜೆಕ್ಟು ಮಾಡುತ್ತಾರೆ. ಅವುಗಳಲ್ಲಿ ಒಂದಾದರೂ ಇಂಥವರಿಗಾಗಿ ಬೀದಿಗೆ ಬರಲಿ ಎಂದು ಆಸೆ.

ಅದೇ 2020ರ ಬೇಸಿಗೆಯಲ್ಲಿ ಬೆಂಗಳೂರಿನ ಕಟ್ಟಡ ಕೆಲಸ ನಿಂತು, ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರು ಮಕ್ಕಳನ್ನು ಹೆಗಲಿಗೇರಿಸಿ ನಡೆದು ಹೊರಟಿದ್ದರು. ಅವರ ರೇಷನ್ ಕಾರ್ಡು ಊರಲ್ಲಿತ್ತು, ಹಸಿವು ಇಲ್ಲಿತ್ತು. ದಾರಿಯುದ್ದಕ್ಕೂ ಅನ್ನ ಹಾಕಿದ ಪುಣ್ಯವಂತರು ಬಹಳ ಮಂದಿ ಇದ್ದರು. ಆದರೂ ಯಾವ ಊರು, ಯಾವ ಕಾರ್ಡು ಎಂದು ಕೇಳದ ಒಂದು ಗುಂಡಿ ಅವರು ಕೆಲಸ ಮಾಡುತ್ತಿದ್ದ ಬೀದಿಗಳಲ್ಲೇ ಇದ್ದಿದ್ದರೆ, ಅವರಲ್ಲಿ ಕೆಲವರಾದರೂ ಅಷ್ಟು ದೂರ ನಡೆಯಬೇಕಿರಲಿಲ್ಲವೇನೋ.