ಪಾಠ ಹೇಳಲು ಹೋಗಿ ಪಾಠ ಕಲಿಯುವವರು



ನಿಮ್ಮ ಮನೆಯಲ್ಲಿ ಬಿ.ಎಡ್. ಓದುವ ಮಗಳೋ ಮಗನೋ ಇದ್ದರೆ, ಎರಡನೇ ವರ್ಷದಲ್ಲಿ 16 ವಾರ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂಬುದು ನಿಮಗೆ ಗೊತ್ತು. ಆಗ ನಾವು ಹೇಳುವುದೇನು? ‘ಹತ್ತಿರದ ಶಾಲೇನೇ ಕೇಳಿಕೊಳ್ಳವ್ವ, ಸಂಜೆ ಹಾಲು ಕರೆಯೋ ಹೊತ್ತಿಗೆ ಮನೆಗೆ ಬರಬಹುದು.’ ಇದರಲ್ಲಿ ತಪ್ಪೇನಿಲ್ಲ. ಕೊಟ್ಟಿಗೆ ಕೆಲಸಕ್ಕೆ ಒಂದು ಕೈ ಕಡಿಮೆಯಾದರೆ ಆಗುವ ಕಷ್ಟ ನಮಗೇ ಗೊತ್ತು. ಆದರೂ ದೂರದ ಊರು ಬೇಡವೆನ್ನುವ ಮೊದಲು ಇದನ್ನಿಷ್ಟು ಓದಿ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯವು ಶಿಕ್ಷಕರಾಗಲು ಓದುವವರನ್ನು 1970ರ ದಶಕದಿಂದಲೂ ಹೊರದೇಶದ ಶಾಲೆಗಳಿಗೆ ಕಳುಹಿಸುತ್ತ ಬಂದಿದೆ. ನ್ಯೂಜಿಲೆಂಡ್, ಐರ್ಲೆಂಡ್, ಕೆನ್ಯಾ, ನಮ್ಮ ಭಾರತಕ್ಕೂ. ಮೊದಲು ತಮ್ಮ ರಾಜ್ಯದಲ್ಲಿ ಬೋಧನಾಭ್ಯಾಸ ಮುಗಿಸಬೇಕು, ನಂತರ ಸುಮಾರು 8 ವಾರ ಹೊರಗೆ. ಅಲ್ಲಿಯವರ ಮನೆಯಲ್ಲೇ ಉಳಿದು ಉಣ್ಣಬೇಕು, ಶಾಲೆಯಾಚೆಗೂ ಊರಿನ ಕೆಲಸದಲ್ಲಿ ಕೈಜೋಡಿಸಬೇಕು.

ನ್ಯೂಜಿಲೆಂಡನ್ನೇ ನೋಡಿ. ಅದೂ ನಮ್ಮಂತೆ ಹಾಲಿನ ನಾಡು. ಅಲ್ಲಿನ ರೈತರ ಸಹಕಾರಿ ಸಂಸ್ಥೆ ಫಾಂಟೆರಾ ಶಾಲಾ ಮಕ್ಕಳಿಗೆ ಉಚಿತ ಹಾಲು ಕೊಡುವ ಯೋಜನೆಯನ್ನು ದೇಶಕ್ಕೆಲ್ಲ ವಿಸ್ತರಿಸಿದ್ದು 2013ರಲ್ಲಿ. ನಮ್ಮ ಕ್ಷೀರಭಾಗ್ಯ ಶುರುವಾದದ್ದೂ ಅದೇ ವರ್ಷ. ಅಲ್ಲಿ ಮಾವೊರಿ ಜನರ ಪದ್ಧತಿಯಂತೆ ಪರಿಚಯ ಹೇಳಿಕೊಳ್ಳುವವರು ಮೊದಲು ತಮ್ಮ ಬೆಟ್ಟ, ತಮ್ಮ ನದಿ, ತಮ್ಮ ಹಿರಿಯರನ್ನು ಹೇಳಿ ಕೊನೆಗೆ ಹೆಸರು ಹೇಳುತ್ತಾರೆ. ಅನೇಕ ಶಾಲೆಗಳಲ್ಲಿ ಮಕ್ಕಳೂ ಇದನ್ನು ಕಲಿಯುತ್ತಾರೆ. ‘ನಿಮ್ಮ ನದಿ ಯಾವುದು?’ ಎಂದು ಮಗು ಕೇಳಿದರೆ ಪಟ್ಟಣದಿಂದ ಬಂದ ಹೊಸ ಮೇಡಂ ತಡವರಿಸದೆ ಇರುತ್ತಾರೆಯೇ?

ಹಳ್ಳಿ ಶಾಲೆಗಳಲ್ಲಿ ಕರುಗಳ ದಿನವೂ ಉಂಟು. ಜುಲೈ, ಆಗಸ್ಟ್ ಅಲ್ಲಿ ಚಳಿಗಾಲ, ಹಸುಗಳು ಕರು ಹಾಕುವ ಕಾಲ. ಮಗು ಒಂದು ಕರುವನ್ನು ತನ್ನದೆಂದು ಆರಿಸಿಕೊಂಡು, ಹಾಲು ಕುಡಿಸಿ, ಮೈ ಉಜ್ಜಿ, ಹಗ್ಗ ಹಿಡಿದು ನಡೆಸಿ ಪಳಗಿಸುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕರುವನ್ನು ಶಾಲೆಯ ಮೈದಾನಕ್ಕೆ ತರುತ್ತದೆ. ಕರೆದರೆ ಕರು ಬರುತ್ತದೆಯೇ, ಜೊತೆಗೆ ಹೇಗೆ ನಡೆಯುತ್ತದೆ, ಹೇಗೆ ಸಾಕಿದ್ದಾರೆ ಎಂದು ನೋಡಿ ಬಹುಮಾನ ಕೊಡುತ್ತಾರೆ. ಆ ಮೈದಾನದಲ್ಲಿ, ಹಸುವಿನ ಹತ್ತಿರ ನಿಂತೇ ಗೊತ್ತಿಲ್ಲದ ಮೇಡಂಗೆ ಏಳು ವರ್ಷದ ಮಗುವೇ ಗುರು. ಹಗ್ಗ ಜಗ್ಗಿದರೆ ಕರು ಕಾಲೂರಿ ನಿಲ್ಲುತ್ತದೆ ಎಂದು ಹೇಳಿಕೊಡುವುದು ಆ ಮಗುವೇ.

ಈ ಕಾರ್ಯಕ್ರಮವನ್ನು ಅಧ್ಯಯನ ಮಾಡಿದ ಜೇಮ್ಸ್ ಮಹನ್ ಮತ್ತು ಲಾರಾ ಸ್ಟಾಕೌಸ್ಕಿ, ಹೋಗಿ ಬಂದವರನ್ನು ಏನು ಕಲಿತಿರಿ, ಯಾರಿಂದ ಕಲಿತಿರಿ ಎಂದು ಕೇಳಿದ್ದರು. ಕಲಿತದ್ದರಲ್ಲಿ ದೊಡ್ಡ ಪಾಲು ಉಳಿದುಕೊಂಡ ಮನೆಯವರಿಂದ, ಊರಿನವರಿಂದ ಬಂದಿತ್ತು. ನನಗಿದು ಆಶ್ಚರ್ಯವೆನಿಸಲಿಲ್ಲ. ನಮ್ಮೂರಿನಲ್ಲಿ ನಾವು ಇಂಥವರ ಮಗಳು, ಇಂಥವರ ಮಗ. ಯಾರನ್ನೂ ಏನೂ ಕೇಳಬೇಕಿಲ್ಲ. ಪರಸ್ಥಳದಲ್ಲಿ ಕೇಳದೆ ದಿನ ಸಾಗುವುದಿಲ್ಲ, ತಪ್ಪು ಮಾತಾಡಿದರೆ ನಗುತ್ತಾರೆ. ಹಾಗೆ ನಗಿಸಿಕೊಂಡು ಬಂದವರು, ತಾಂಡಾದಿಂದ ಬಂದು ಪಾಠದ ಕನ್ನಡ ತಿಳಿಯದೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವನ್ನು ‘ದಡ್ಡ’ ಎಂದು ಬೇಗ ಕರೆಯಲಾರರು.

ಎಲ್ಲರೂ ಹೀಗೆ ಬದಲಾಗುತ್ತಾರೆ ಎಂದಲ್ಲ. ದಿನ ಎಣಿಸುತ್ತ, ಫೋನಿನಲ್ಲೇ ಕಾಲ ಕಳೆದು ಬರುವವರೂ ಇರುತ್ತಾರೆ. ಖರ್ಚೂ ದೊಡ್ಡದು. ಹಸು ಮಾರಿ ಮಗಳನ್ನು ವಿಮಾನ ಹತ್ತಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಅದೇ ವಿಶ್ವವಿದ್ಯಾಲಯ ಕೆಲವರನ್ನು ತನ್ನ ದೇಶದೊಳಗೇ ನವಾಹೋ ಮೂಲನಿವಾಸಿಗಳ ನಾಡಿನ ಶಾಲೆಗಳಿಗೂ ಕಳುಹಿಸಿದೆ. ಕಡಲು ದಾಟಲೇಬೇಕೆಂದಿಲ್ಲ. ಮಂಡ್ಯದ ಹುಡುಗಿಗೆ ಯಾದಗಿರಿಯ ಒಂದು ಹಳ್ಳಿಯೋ ಜೊಯಿಡಾದ ಕಾಡಂಚಿನ ಶಾಲೆಯೋ ಸಾಕಷ್ಟು ದೂರವೇ. ಅಂಥ ಅವಕಾಶ ಉಂಟೇ ಎಂದು ಕಾಲೇಜಿನಲ್ಲಿ ವಿಚಾರಿಸಿ. ಎಲ್ಲಿ ಉಳಿಯುವುದು, ಆ ಮನೆಯಲ್ಲಿ ಯಾರಿದ್ದಾರೆ, ಶಾಲೆ ಎಷ್ಟು ದೂರ, ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಳ್ಳಿ. ತಾಯಿಯ ಅಂಜಿಕೆ ಸುಳ್ಳಲ್ಲ.

ಇನ್ನು ನಿಮ್ಮೂರ ಶಾಲೆಗೂ ಪ್ರಶಿಕ್ಷಣಾರ್ಥಿಗಳು ಬರುತ್ತಾರಲ್ಲ? ಬಸ್ಸಿಳಿದು ಪಾಠ ಮಾಡಿ ಬಸ್ ಹತ್ತಿ ಹೋಗಲು ಬಿಡಬೇಡಿ. ಒಂದು ಸಂಜೆ ಸಂಘಕ್ಕೆ ಕರೆತಂದು ಹಾಲು ಅಳೆಯುವುದನ್ನು, ಫ್ಯಾಟ್ ನೋಡುವುದನ್ನು ತೋರಿಸಿ. ಮನೆಯಲ್ಲಿ ಹಸು ಕರು ಹಾಕಿದ್ದರೆ, ಕರುವಿಗೆ ಕುಡಿಸಿ ಉಳಿದ ಹಾಲಿನಲ್ಲಿ ಗಿಣ್ಣು ಮಾಡಿ ತಿನ್ನಿಸಿ. ಅವರು ಕೇಳುವ ಪ್ರಶ್ನೆಗಳಿಗೆ ನಿಮ್ಮ ಮಗುವೇ ಉತ್ತರ ಹೇಳಲಿ.