ಎಷ್ಟು ಮೀಟರು, ಎಷ್ಟು ಸೆಕೆಂಡು: ಎಂ.ಎಸ್. ಪೀಡಿತರ ನಡಿಗೆಯ ಲೆಕ್ಕ

ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂ.ಎಸ್. ಇರುವವರ ನಡಿಗೆ ಪರೀಕ್ಷಿಸುವಾಗ ನೆಲದ ಮೇಲೆ 25 ಅಡಿ, ಅಂದರೆ 7.62 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯುತ್ತಾರೆ. ಬೀಳದಂತೆ, ಆದಷ್ಟು ಬೇಗ ನಡೆದು ದಾಟಬೇಕು. ಎರಡು ಸಲ ನಡೆಸಿ ಸರಾಸರಿ ಸಮಯ ಬರೆದುಕೊಳ್ಳುತ್ತಾರೆ. ಬೇಕಾಗುವುದು ಒಂದು ಅಳತೆ ಟೇಪು, ಒಂದು ಸ್ಟಾಪ್‌ವಾಚು ಮಾತ್ರ.

ಈ ಪುಟ್ಟ ದೂರ ಬಹಳ ಸಂಗತಿಗಳನ್ನು ಹೇಳುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, 6 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವವರಲ್ಲಿ ಊರುಗೋಲಿನ ಬಳಕೆಯೂ ಕಾಯಿಲೆಯಿಂದಾಗಿ ಕೆಲಸ ಬದಲಿಸಬೇಕಾದ ಪರಿಸ್ಥಿತಿಯೂ ಹೆಚ್ಚು. 8 ಸೆಕೆಂಡು ದಾಟಿದವರಲ್ಲಿ ವಾಕರ್ ಹಿಡಿದವರು, ಮನೆಗೆಲಸ ಮಾಡಿಕೊಳ್ಳಲಾಗದವರು ಹೆಚ್ಚು. 8 ಸೆಕೆಂಡಿಗೆ 7.62 ಮೀಟರ್ ಎಂದರೆ ವೇಗ ಸೆಕೆಂಡಿಗೆ 0.95 ಮೀಟರ್. ಬ್ರಿಟನ್ನಿನಲ್ಲಿ ಪಾದಚಾರಿ ಸಿಗ್ನಲ್‌ನ ಅವಧಿ ಬಹುಕಾಲ ನಿಗದಿಯಾಗುತ್ತಿದ್ದದ್ದು ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ. ಆ ಲೆಕ್ಕಕ್ಕೆ 12 ಮೀಟರ್ ಅಗಲದ ರಸ್ತೆ ದಾಟಲು 10 ಸೆಕೆಂಡು ಸಾಕು. ನಮ್ಮ 0.95ರ ನಡಿಗೆಗೆ 12.6 ಸೆಕೆಂಡು ಬೇಕು. ಉಳಿದ 2.6 ಸೆಕೆಂಡು ಆ ವ್ಯಕ್ತಿ ವಾಹನಗಳ ಎದುರಿಗಿರುತ್ತಾರೆ.

ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಮಿದುಳು ಮತ್ತು ಬೆನ್ನುಹುರಿಯ ನರಗಳಿಗಿರುವ ರಕ್ಷಾ ಹೊದಿಕೆಯ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುತ್ತದೆ. ಕಾಯಿಲೆ ಪತ್ತೆಯಾಗುವ ಸರಾಸರಿ ವಯಸ್ಸು 32. ಗಂಡಸರ ಎರಡರಷ್ಟು ಹೆಂಗಸರು. ದುಡಿಯುವ, ಮಕ್ಕಳನ್ನು ಬೆಳೆಸುವ ವಯಸ್ಸಿನಲ್ಲೇ ಕಾಲು ಸೋಲುತ್ತದೆ ಎಂಬುದಕ್ಕಾಗಿಯೇ ಈ ಲೆಕ್ಕಗಳನ್ನು ಎಚ್ಚರದಿಂದ ನೋಡಬೇಕು.

ನರರೋಗ ತಜ್ಞರ ಫೈಲಿನಲ್ಲಿ ಸಾಮಾನ್ಯವಾಗಿ ಇರುವ ಅಂಕಿ ಬೇರೆ. ಅಮೆರಿಕದ ಜಾನ್ ಕರ್ಟ್ಜ್‌ಕಿ 1983ರಲ್ಲಿ ರೂಪಿಸಿದ, 0ಯಿಂದ 10ರವರೆಗಿನ ಇಡಿಎಸ್‌ಎಸ್ ಮಾಪನ ಅದು. ಆಸರೆಯಿಲ್ಲದೆ, ನಡುವೆ ಕೂರದೆ 500 ಮೀಟರ್ ನಡೆದರೆ 4, 200 ಮೀಟರಿಗೆ 5, ಒಂದು ಕೋಲು ಹಿಡಿದು 100 ಮೀಟರ್ ಆದರೆ 6, ಎರಡೂ ಕೈಗೆ ಆಸರೆ ಪಡೆದು 20 ಮೀಟರ್ ಆದರೆ 6.5. ಆಸರೆಯಿದ್ದರೂ 5 ಮೀಟರ್ ಆಚೆ ಹೋಗಲಾಗದೆ ಗಾಲಿಕುರ್ಚಿ ಹಿಡಿದರೆ 7. ವರ್ಷಗಳ ಉದ್ದಕ್ಕೂ ಕಾಯಿಲೆ ಎತ್ತ ಸಾಗಿದೆ ಎಂದು ತಿಳಿಯಲು ಇದು ಒಳ್ಳೆಯದೇ. ಆದರೆ ಎಂಟು ವಾರದ ಫಿಸಿಯೋಥೆರಪಿಯ ಫಲವನ್ನು ಇದರಿಂದ ಅಳೆಯಹೊರಟರೆ ರೋಗಿಗೆ ಅನ್ಯಾಯವಾಗುತ್ತದೆ. ಕೋಲು ಹಿಡಿದು 100 ಮೀಟರ್ ನಡೆಯುತ್ತಿದ್ದವರು ಬೆವರು ಸುರಿಸಿ 180 ಮೀಟರಿಗೆ ಬಂದರೂ ಫೈಲಿನಲ್ಲಿ 6 ಎಂಬುದು 6 ಆಗಿಯೇ ಉಳಿಯುತ್ತದೆ.

ಹಾಗಾದರೆ ಎಷ್ಟು ಬದಲಾದರೆ ಸುಧಾರಣೆ? 25 ಅಡಿಯ ಪರೀಕ್ಷೆಯಲ್ಲಿ ಶೇ. 20ರ ಬದಲಾವಣೆಯನ್ನು ಅರ್ಥಪೂರ್ಣವೆಂದು ಒಪ್ಪಿದ್ದಾರೆ. 9 ಸೆಕೆಂಡಿನವರು 7.2ಕ್ಕೆ ಬರಬೇಕು. 8.5ಕ್ಕೆ ಬಂದರೆ ಅದು ದಿನದಿಂದ ದಿನಕ್ಕಿರುವ ಏರುಪೇರೂ ಆಗಿರಬಹುದು. ದೂರದ ವಿಚಾರಕ್ಕೆ ಯುರೋಪಿನ 17 ಕೇಂದ್ರಗಳ 290 ಜನರ ಅಧ್ಯಯನ 2014ರಲ್ಲಿ ಬಂತು. ಎರಡು ನಿಮಿಷದ ನಡಿಗೆಯಲ್ಲಿ 9.6 ಮೀಟರ್, ಆರು ನಿಮಿಷದ ನಡಿಗೆಯಲ್ಲಿ 21.6 ಮೀಟರ್ ಹೆಚ್ಚಾದಾಗ ರೋಗಿಗಳಿಗೆ ಸುಧಾರಿಸಿದೆ ಎನಿಸಿತ್ತು. ಚಿಕಿತ್ಸಕರಿಗೆ ಆರು ನಿಮಿಷದ ನಡಿಗೆಯಲ್ಲಿ 9.1 ಮೀಟರ್ ಹೆಚ್ಚಿದರೇ ಸಾಕಾಗಿತ್ತು. 21.6 ಮತ್ತು 9.1 ಎಂಬ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಿಕಿತ್ಸೆ ಕೊಟ್ಟವರು ಗೆದ್ದೆವು ಎನ್ನುವ ಹೊತ್ತಿಗೆ, ನಡೆಯುವವರಿಗೆ ಅರ್ಧ ದಾರಿಯೂ ಸಾಗಿದಂತೆ ಅನಿಸಿರುವುದಿಲ್ಲ. ಗುರಿಯನ್ನು ರೋಗಿಯ ಬಾಯಿಂದಲೇ ಕೇಳಿ ಬರೆಯಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಅದಕ್ಕೂ ವಿಧಾನವಿದೆ. 1968ರಲ್ಲಿ ಕಿರೆಸುಕ್ ಮತ್ತು ಶೆರ್ಮನ್ ರೂಪಿಸಿದ ಗುರಿಸಾಧನೆಯ ಮಾಪನದಲ್ಲಿ ಪ್ರತಿ ಗುರಿಗೂ −2ರಿಂದ +2ರವರೆಗೆ ಐದು ಹಂತ. ಅಂದುಕೊಂಡಷ್ಟು ಆದರೆ 0. ಬೆಂಗಳೂರಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಇವತ್ತು ಅವರು ಕೋಲು ಹಿಡಿದು 120 ಮೀಟರ್ ನಡೆದು ಕೂರುತ್ತಾರೆ. ಬಸ್ ಸ್ಟಾಪು 220 ಮೀಟರ್ ದೂರ. ಎಂಟು ವಾರದಲ್ಲಿ ಕೂರದೆ ಅಲ್ಲಿಗೆ ತಲುಪುವುದು ಮೊದಲ ಗುರಿ, ಒಬ್ಬರೇ ಬಸ್ಸಿನ ಮೆಟ್ಟಿಲು ಹತ್ತುವುದು ಎರಡನೆಯದು, ರಾತ್ರಿ ಬೀಳದೆ ಬಚ್ಚಲಿಗೆ ಹೋಗಿಬರುವುದು ಮೂರನೆಯದು. ಮೂರಕ್ಕೂ ಸಮಾನ ತೂಕ ಕೊಟ್ಟು, ಇಂದಿನ ಸ್ಥಿತಿಯನ್ನು −1 ಎಂದಿಟ್ಟರೆ ಸೂತ್ರದಂತೆ ಆರಂಭದ ಅಂಕ 36.3. ಮೂರೂ ಈಡೇರಿದರೆ 50. ಎರಡು ಈಡೇರಿ ಮೆಟ್ಟಿಲೊಂದು ಉಳಿದರೆ 45.4. ಎಲ್ಲಿ ಸಾಲಲಿಲ್ಲ ಎಂಬುದು ಕಾಗದದ ಮೇಲೆ ಕಾಣುತ್ತದೆ, ಮುಂದಿನ ವಾರದ ವ್ಯಾಯಾಮ ಮೆಟ್ಟಿಲಿನ ಕಡೆಗೆ ತಿರುಗುತ್ತದೆ.

ಈ ಗುರಿಗೆ ರೂಪಾಯಿ ಲೆಕ್ಕವೂ ಇದೆ. ವಾರಕ್ಕೆ ಮೂರರಂತೆ ಎಂಟು ವಾರಕ್ಕೆ 24 ಭೇಟಿ. ಒಂದಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ಶುಲ್ಕ 14,400. ಆಟೋ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18. ಚಿಕಿತ್ಸಾಲಯ 6 ಕಿ.ಮೀ. ದೂರವಿದ್ದರೆ ಹೋಗಲು 108, ಹೋಗಿಬರಲು 216, 24 ಭೇಟಿಗೆ 5,184. ಜೊತೆಗೆ ಬರುವವರ ಕೆಲಸದ ನಷ್ಟ ಇದರಲ್ಲಿ ಸೇರಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಆದರೆ ಆ 220 ಮೀಟರು ಮತ್ತು ಬಸ್ಸಿನ ಮೆಟ್ಟಿಲು ದಾಟಲಾಗದವರಿಗೆ ಆ ಉಚಿತ ಟಿಕೆಟ್ ಸಿಗುವುದೇ ಇಲ್ಲ. ಗುರಿ ಮುಟ್ಟಿದ ಮೇಲೂ ಇಷ್ಟೇ ಭೇಟಿಗಳು ಮುಂದುವರಿದರೆ ಮುಂದಿನ ಎಂಟು ವಾರಕ್ಕೆ 5,184 ರೂಪಾಯಿ ಉಳಿಯುತ್ತದೆ, ಒಬ್ಬರೇ ಹೊರಗೆ ಹೋಗುವ ಸ್ವಾತಂತ್ರ್ಯವೂ ಮರಳುತ್ತದೆ.

ಮಾತ್ರೆಗೂ ಇದೇ ಅಳತೆ ಬೇಕು. ನಡಿಗೆಗೆಂದೇ ಇರುವ ಫ್ಯಾಂಪ್ರಿಡಿನ್‌ಗೆ ಅಮೆರಿಕ 2010ರಲ್ಲಿ ಒಪ್ಪಿಗೆ ಕೊಟ್ಟಿತು. 301 ಜನರ ಪ್ರಯೋಗದಲ್ಲಿ ಮಾತ್ರೆ ನುಂಗಿದವರಲ್ಲಿ ಸುಮಾರು ಶೇ. 35 ಮಂದಿಗೆ, ಹುಸಿ ಮಾತ್ರೆಯವರಲ್ಲಿ ಶೇ. 8 ಮಂದಿಗೆ ವೇಗ ಸ್ಥಿರವಾಗಿ ಹೆಚ್ಚಿತ್ತು. ಮೂವರಲ್ಲಿ ಒಬ್ಬರಿಗಷ್ಟೇ ಹಿಡಿಯುವ ಔಷಧ ಅದು. ಆ ಒಬ್ಬರು ತಾವೇ ಹೌದೋ ಅಲ್ಲವೋ ಎಂದು ಅಳೆಯದೆ ತಿಳಿಯುವುದಿಲ್ಲ.

ಅಳೆಯುವಾಗ ಶಿಸ್ತು ಬೇಕು. ಎಂ.ಎಸ್. ಇರುವ ಅನೇಕರಿಗೆ ಮೈ ಬಿಸಿಯಾದರೆ ಕಾಲು ಇನ್ನಷ್ಟು ಸೋಲುತ್ತದೆ. ಜನವರಿಯ ಬೆಳಿಗ್ಗೆ ಅಳೆದದ್ದನ್ನು ಏಪ್ರಿಲ್ ಮಧ್ಯಾಹ್ನದ ಅಳತೆಗೆ ಹೋಲಿಸಬಾರದು. ಅದೇ ಹೊತ್ತು, ಅದೇ ಚಪ್ಪಲಿ, ಅದೇ ಕೋಲು, ಅದೇ ಪಡಸಾಲೆ ಇರಲಿ. ಪಡಸಾಲೆ ಗಿಡ್ಡವಾದಷ್ಟೂ ತಿರುವು ಹೆಚ್ಚಿ ದೂರ ಕಡಿಮೆಯಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ. ಕನಿಷ್ಠ ಶೇ. 40ರ ಅಂಗವೈಕಲ್ಯದ ಪ್ರಮಾಣಪತ್ರ ಹಲವು ಸೌಲಭ್ಯಗಳಿಗೆ ಬೇಕೇ ಬೇಕು. ಆದರೆ ಅದು ಹೇಳುವುದು ಕಳೆದುಕೊಂಡದ್ದರ ಲೆಕ್ಕ. ಮರಳಿ ಪಡೆಯಬೇಕಾದದ್ದರ ಲೆಕ್ಕವನ್ನು ಬರೆಸಿಕೊಳ್ಳಬೇಕಾದವರು ನೀವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಎಂ.ಎಸ್. ಇದ್ದರೆ, ಮೊದಲ ದಿನದ ಶುಲ್ಕ ಕಟ್ಟುವ ಮುನ್ನ ಚಿಕಿತ್ಸಕರನ್ನು ಕೇಳಿ: ಇವತ್ತು ಎಷ್ಟು ಮೀಟರು, ಎಷ್ಟು ಸೆಕೆಂಡು? ಯಾವ ತಾರೀಖಿಗೆ ಎಷ್ಟಾಗಬೇಕು? ಉತ್ತರವನ್ನು ಬರೆಸಿಕೊಂಡು ಮನೆಗೆ ತನ್ನಿ.